ಚಪ್ಪಲಿ ಪಕ್ಕದ ಕೆಂಪು ಚೀಲ

ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದುತ್ತಿದ್ದೆ, ಫೋನು ಬಂತು. ಕೆಳಮನೆಯ ಮಮತಾ ಓಡುತ್ತಲೇ ಮಾತಾಡುತ್ತಿದ್ದಳು.

"ಆಂಟಿ, ಅತ್ತೆ ದೇವಸ್ಥಾನದಲ್ಲಿ ಬಿದ್ಬಿಟ್ಟಿದಾರಂತೆ. ಉಸಿರೇ ಸಿಗ್ತಿಲ್ವಂತೆ. ಪಂಪ್ ಎಲ್ಲಿಟ್ಟಿರ್ತಾರೆ?"

"ಗುಡಿ ಹೊರಗ ಚಪ್ಪಲಿ ಹತ್ರ, ಕೆಂಪು ಚೀಲದಾಗ ಐತಿ" ಅಂದೆ.

ಪಂಪು ಅಂದರೆ ದಮ್ಮು ಬಂದಾಗ ಬಾಯಲ್ಲಿಟ್ಟು ಎಳೆದುಕೊಳ್ಳುವ ಔಷಧಿ. ಅದು ಚಪ್ಪಲಿ ಹತ್ತಿರ ಇರುವಂತೆ ಮಾಡಿದವಳು ನಾನು. ನಮ್ಮೂರಿನವರೂ ಇದನ್ನು ಓದುತ್ತೀರಿ ಎಂದೇ ಮುಚ್ಚಿಡದೆ ಬರೆಯುತ್ತಿದ್ದೇನೆ.

ಗದಗ ಕಡೆಯಿಂದ ಟಿ. ದಾಸರಹಳ್ಳಿಗೆ ಬಂದು ಆರು ವರ್ಷವಾಯಿತು. ಯಜಮಾನರಿಗೆ ಪೀಣ್ಯದಲ್ಲಿ ಕೆಲಸ. ಊರಲ್ಲಿ ಬುತ್ತಿ ಹೊತ್ತು ಎರಡು ಮೈಲಿ ನಡೆದರೂ ಉಸಿರಿನ ನೆನಪೇ ಆಗುತ್ತಿರಲಿಲ್ಲ. ಇಲ್ಲಿ ಎರಡನೇ ಚಳಿಗಾಲಕ್ಕೆ ದಮ್ಮು ಹತ್ತಿ ಮಹಡಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಮ್ಮ ದಮ್ಮಿಗೆ ಇಲ್ಲಿ ವೀಜಿಂಗ್ ಅನ್ನುತ್ತಾರೆ. ಆ ಮಾತು ಕಲಿಸಿ, ಕೈ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದವರು ಮಮತಾಳ ಅತ್ತೆ, ನಮ್ಮ ಮನೆ ಓನರ್ ಗಿರಿಜಮ್ಮ. ಅವರಿಗೂ ಅದೇ ಕಾಯಿಲೆ.

ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿದರು. ದಿನಾ ನಡೆಯಬೇಕು. ಮೊದಲು ನಿಧಾನ, ಮೈ ಬೆಚ್ಚಗಾದ ಮೇಲೆ ಬಿರುಸು. ಎದೆ ಬಿಗಿದರೆ ನಿಲ್ಲಬೇಕು. ಪಂಪು ಕೈಗೆ ಸಿಗುವಂತಿರಬೇಕು. ರಸ್ತೆಯಲ್ಲಿ ಲಾರಿ, ಧೂಳು. ಹಾಗಾಗಿ ದೇವಸ್ಥಾನದ ಪ್ರದಕ್ಷಿಣೆ ಹಿಡಿದೆವು.

ಮೊದಲ ದಿನ ಅವರು ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಹೊರಟರು. ನಾನು ತಡೆದೆ. "ಬಾಯಿಗಿಟ್ಟಿದ್ದು ಎಂಜಲರೀ ಅಕ್ಕಾರ. ಗುಡಿ ಒಳಗ ಬ್ಯಾಡ್ರಿ."

"ನಿಮ್ಮೂರ್ ದೇವ್ರಿಗೆ ಮಡಿ ಜಾಸ್ತಿ ಕಣಮ್ಮ. ನಮ್ ದೇವ್ರು ಇಂಗೆಲ್ಲ ಕೇಳಾಕಿಲ್ಲ" ಎಂದು ನಕ್ಕರು. ನಗುತ್ತಲೇ ಕೆಂಪು ಚೀಲಕ್ಕೆ ಹಾಕಿ ಚಪ್ಪಲಿ ಪಕ್ಕ ಇಟ್ಟರು. ನನ್ನದನ್ನೂ ಅದರಲ್ಲೇ ಹಾಕಿದೆ.

ನಾಲ್ಕು ವರ್ಷ ಏನೂ ಆಗಲಿಲ್ಲ. ಮೂರು ಸುತ್ತಿಗೆ ಕೂರುತ್ತಿದ್ದವಳು ಇಪ್ಪತ್ತೊಂದು ಸುತ್ತಿಗೆ ಬಂದೆ. ಒಂದೇ ಉಸಿರಿಗೆ ಮಹಡಿ ಹತ್ತಿದ ದಿನ ಪಾಯಸ ಮಾಡಿದ್ದೆ.

ಮಮತಾಳ ಫೋನು ಬಂದ ಆ ದಿನ ಊರಿಂದ ನಾದಿನಿ ಬರುವವಳಿದ್ದಳು, ನಾನು ಹೋಗಲಿಲ್ಲ. ಚಳಿಯ ಬೆಳಗು, ಒಳಗೆ ಹೋಮದ ಹೊಗೆ. ಗರ್ಭಗುಡಿಯ ಹಿಂದೆ ಗಿರಿಜಮ್ಮನವರ ಎದೆ ಬಿಗಿಯಿತಂತೆ. ಅಲ್ಲಿಂದ ಚಪ್ಪಲಿ ಜಾಗಕ್ಕೆ ಅರ್ಧ ಸುತ್ತು. ಅದನ್ನು ಅವರಿಗೆ ದಾಟಲಾಗಲಿಲ್ಲ. ಮಮತಾ ಚೀಲ ತೆಗೆದುಕೊಂಡು ಹೋಗುವಷ್ಟರಲ್ಲಿ ಎಳೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು. ಯಾರೋ ಹೆಣ್ಣುಮಗಳು ಅವರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದಳಂತೆ. ಒಬ್ಬರೇ ಇರಲಿಲ್ಲವಲ್ಲ, ಅಷ್ಟಾದರೂ ದೇವರ ದಯೆ.

ಕಾರ್ಯವೆಲ್ಲ ಮುಗಿದ ಮೇಲೆ ಕೆಳಗೆ ಹೋಗಿ ಮಮತಾಗೆ ಹೇಳಿದೆ. "ಪಂಪು ಹೊರಗಿಡಿಸಿದಾಕಿ ನಾನವಾ."

ಅವಳು ಅತ್ತೆಯ ಸೀರೆಗಳನ್ನು ಮಡಚುತ್ತಿದ್ದಳು. ಮುಖ ಎತ್ತಲಿಲ್ಲ. "ಗೊತ್ತು ಆಂಟಿ. ಒಳಗೆ ತಗೊಂಡ್ ಹೋಗಿ ಅಂತ ನಾನೂ ಹೇಳಿದ್ದೆ. ಮೇಲ್ಮನೆಯವಳು ನೊಂದ್ಕೋತಾಳೆ ಅಂದ್ರು." ಇನ್ನೊಂದು ಸೀರೆ ಮಡಚಿದಳು. "ನೀವಾದ್ರೂ ಇಟ್ಕೊಂಡ್ ನಡೀರಿ."

ಊರಿಗೆ ಹೋಗಿ ಇರು ಎಂದು ಯಜಮಾನರು ಕಳಿಸಿದರು. ಅಲ್ಲಿ ಎದೆ ಹಗುರ. ಆದರೆ ನನ್ನ ಉಸಿರಾಟದ ಸದ್ದು ಕೇಳಿಯೇ ಬಿಸಿನೀರು ಕಾಯಿಸುವವರು ಅಲ್ಲಿ ಯಾರೂ ಇಲ್ಲ. ಇಲ್ಲಿ ಹಾಗೆ ಕಾಯಿಸುತ್ತಿದ್ದ ಗಿರಿಜಮ್ಮನವರೂ ಈಗ ಇಲ್ಲ. ಆದರೂ ಎಂಟೇ ದಿನಕ್ಕೆ ತಿರುಗಿ ಬಂದೆ.

ಇಂದು ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಯೊಳಗೆ ಹೋದೆ. ನಾಲ್ಕನೇ ಸುತ್ತಿಗೆ, ಗರ್ಭಗುಡಿಯ ಹಿಂದೆ, ಎದೆ ಬಿಗಿಯಿತು. ಗೋಡೆ ಹಿಡಿದು ನಿಂತು, ಅಲ್ಲೇ ಬಾಯಿಗಿಟ್ಟು ಎಳೆದುಕೊಂಡೆ. ಉಸಿರು ಮರಳಿತು. ಕೈ ಮುಗಿದೆ. ಯಾವ ಅಪಚಾರಕ್ಕೆ ಕ್ಷಮೆ ಕೇಳಬೇಕೆಂದು ತಿಳಿಯಲಿಲ್ಲ.

ಮನೆಗೆ ಬಂದು ರೊಟ್ಟಿಗೆ ಎಸರಿಟ್ಟೆ.