ಸುಣ್ಣದಡಿಯ ಬರಹ

ನಾನು ನಿಮ್ಮಷ್ಟೇ ಎತ್ತರವಿದ್ದಾಗ, ಮೊಮ್ಮಕ್ಕಳೇ, ಹೊಸೂರು ಸೀಮೆಯ ಬೇರಿಕೆ ಪಕ್ಕದ ನಮ್ಮೂರ ಗುಡ್ಡದ ಮೇಲಿನ ಹಳೇ ಶಿವನ ಗುಡಿಗೆ ಸುಣ್ಣ ಬಳಿಯುವ ಹಕ್ಕು ನಮ್ಮ ಮನೆಯದು. ತಾತನ ತಾತನೂ ಬಳಿದಿದ್ದನಂತೆ. ಅಪ್ಪನಿಗೆ ಅದೇ ದೊಡ್ಡ ಹೆಮ್ಮೆ.

ಆ ವರ್ಷವೂ ಶಿವರಾತ್ರಿಗೆ ಮುಂಚೆ ಅಪ್ಪ ಸುಣ್ಣದ ಕಲ್ಲಿಗೆ ನೀರು ಹೊಯ್ದರು. ಬುಸ್ಸೆಂದು ಕುದಿದು ಘಾಟು ಮೂಗಿಗೆ ಹತ್ತಿತು. ಅಕ್ಕನೂ ನಾನೂ ಕೊಡ ಹೊತ್ತು ಮೆಟ್ಟಿಲು ಹತ್ತಿದೆವು. ತುಳುಕಿದ ಸುಣ್ಣ ಬೆರಳ ಸಂದಿಯನ್ನು ಸುಡುತ್ತಿತ್ತು. ಮಧ್ಯಾಹ್ನಕ್ಕೇ ಕಾಲು ಸೋತವು.

ಅಪ್ಪ ಕತ್ತಾಳೆ ನಾರಿನ ಕುಂಚ ಅದ್ದಿ ಬಾಗಿಲ ಪಕ್ಕದ ಗೋಡೆಗೆ ಎತ್ತಿದ್ದರು. ಗುಡಿ ನೋಡಲು ಬಂದಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಸುಣ್ಣದ ಚಕ್ಕೆ ಎದ್ದ ಕಡೆ ಬೆರಳು ತೋರಿಸಿ, "ನಿಲ್ಸಪ್ಪಾ! ಅದರಡಿ ಬರಹ ಇದೆ" ಎಂದು ಕೂಗಿದರು.

"ನಮ್ಮ ಗುಡಿ, ನಮ್ಮ ಸುಣ್ಣ. ಹೇಳಾಕೆ ನೀವ್ಯಾರು ಸಾಮಿ?" ಅಂದರು ಅಪ್ಪ.

ಮೇಷ್ಟ್ರು ಮುಂದೆ ಬಂದು ಗೋಡೆ ಕೆರೆದರು. ಸುಣ್ಣ ಪದರ ಪದರವಾಗಿ ಉದುರಿ ಕಲ್ಲಿನಲ್ಲಿ ಕೊರೆದ ಅಕ್ಷರಗಳು ಕಂಡವು. ಅಪ್ಪನಿಗೆ ಓದು ಬರದು. ಮೇಷ್ಟ್ರನ್ನು ನಂಬಲೂ ಮನಸ್ಸಿಲ್ಲ. "ನೀನು ಇಸ್ಕೂಲಿಗೆ ಹೋಗ್ತೀಯಲ್ಲ, ಓದ್ಲಾ" ಅಂದರು. ನಾನು ಬೆರಳಿಟ್ಟು ಹುಡುಕಿದೆ. ಒಂದು 'ಗ' ಸಿಕ್ಕಿತು, ಅದೂ ಅನುಮಾನ.

"ಎಲ್ಲಾ ಸೊಟ್ಟಸೊಟ್ಟಗೈತೆ ಕಣಪ್ಪಾ."

"ಇವನ ಸಿಲೇಟೂ ಹಿಂಗೇ" ಎಂದು ಅಕ್ಕ ನಕ್ಕಳು.

ಕೊನೆಗೆ, "ಇದು ಹಳೇ ಕಾಲದ ಕನ್ನಡ" ಎಂದು ಮೇಷ್ಟ್ರೇ ಓದಿದರು. ದೀಪದ ಎಣ್ಣೆಗೆಂದು ಯಾರೋ ಗುಡಿಗೆ ಹೊಲ ಬಿಟ್ಟಿದ್ದರು. ಈ ದಾನಧರ್ಮವನ್ನು ಅಳಿಸಿದವನಿಗೆ ಗಂಗೆಯ ದಡದಲ್ಲಿ ಹಸುವನ್ನು ಕೊಂದ ಪಾಪ ಎಂದು ಕಡೆಯ ಸಾಲಿನಲ್ಲಿತ್ತು.

ಅಪ್ಪನ ಕುಂಚ ಕೆಳಗಿಳಿಯಿತು. "ಹಂಗಾದ್ರೆ ನಮ್ ತಾತ, ನಮ್ಮಪ್ಪ, ನಾನು... ವರ್ಸಾ ವರ್ಸಾ ಹಸ ಕಡ್ದಂಗಾಯ್ತಾ ಸಾಮಿ?"

"ಇಲ್ಲಪ್ಪ, ಅದು ಹೊಲ ಕಿತ್ಕೊಳ್ಳೋರಿಗೆ ಬರೆದಿದ್ದು. ನೀವು ಮುಚ್ಚಿದ್ರಿ ಅಷ್ಟೇ, ಅಳಿಸಿಲ್ಲ."

ಅಪ್ಪನಿಗೆ ಸಮಾಧಾನವಾಗಲಿಲ್ಲ. "ನೀರ್ ತಗೊಂಬಾರಮ್ಮಿ" ಎಂದು ಅಕ್ಕನನ್ನು ಕಳಿಸಿ, ತೆಂಗಿನ ನಾರು ಹಿಡಿದು ಕೂತರು. ಹೊತ್ತು ಮುಳುಗುವವರೆಗೂ ಉಜ್ಜಿದೆವು. ನನ್ನ ಭುಜ ಕಿತ್ತು ಬರುವಂತಾಯಿತು. ಅಪ್ಪನ ಬೆರಳು ಒಡೆದು ರಕ್ತ ಜಿನುಗಿದರೂ ಕಡೆಯ ಅಕ್ಷರ ಕಾಣುವವರೆಗೆ ಅವರು ಏಳಲಿಲ್ಲ.

"ಇನ್ಮ್ಯಾಲೆ ಈ ಗೋಡೆ ತೊಳ್ಯೋದೇ ನಮ್ಮನೆ ಹಕ್ಕು" ಅಂದರು ಇಳಿಯುವಾಗ.

ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಹೊಲದಲ್ಲೂ ಫ್ಯಾಕ್ಟರಿಯಲ್ಲೂ ದುಡಿದೆ. ಒಂದು ವರ್ಷವೂ ಆ ಹಕ್ಕು ಬಿಡಲಿಲ್ಲ. ನೀವು ಕಾರಿನಲ್ಲಿ ಹೊಸೂರಿನ ಬೆಟ್ಟದ ಗುಡಿ, ಒಂದು ಹಳೇ ಚರ್ಚು, ಕೃಷ್ಣಗಿರಿ ಬೆಟ್ಟದ ದರ್ಗಾ ಎಲ್ಲವನ್ನೂ ಒಂದೇ ಭಾನುವಾರದಲ್ಲಿ ನೋಡಿ ಬರುತ್ತೀರಿ. ಫೋಟೊ ಚೆನ್ನಾಗಿರುತ್ತವೆ. ಸ್ಕೂಲಿನಲ್ಲಿ ನೀವು ಓದುವುದು ತಮಿಳು, ಇಂಗ್ಲಿಷು; ನಮ್ಮ ಗುಡ್ಡದ ಬರಹ ನಿಮಗೂ ಬಾರದು. ಪರವಾಗಿಲ್ಲ, ನನಗೂ ಇಂದಿಗೂ ಬಾರದು. ಕಣ್ಣು ಮುಚ್ಚಿದರೂ ಯಾವ ಅಕ್ಷರ ಎಲ್ಲಿದೆ ಎಂದು ಕೈಗೆ ಗೊತ್ತು, ಅಷ್ಟೇ. ಈಗ ಮಂಡಿ ನನ್ನ ಮಾತು ಕೇಳುತ್ತಿಲ್ಲ. ಈ ಶಿವರಾತ್ರಿಗೆ ನಿಮ್ಮಲ್ಲಿ ಒಬ್ಬರಾದರೂ ನೀರಿನ ಕೊಡ ಹೊತ್ತು ಮೇಲೆ ಹತ್ತಿ. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತಿರುತ್ತೇನೆ.