ಭೀಮನನ್ನು ತೊಳೆದ ಹುಡುಗಿ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ನನ್ನ ಆರನೆಯ ತರಗತಿಯ ಹುಡುಗಿಯೊಬ್ಬಳು ಪಾಟಿಚೀಲದಲ್ಲಿ ದೇವರನ್ನು ಹಾಕಿಕೊಂಡು ಶಾಲೆಗೆ ಬಂದಳು. ದೇವರು ಅಂತ ನನಗೆ ಮೊದಲು ಗೊತ್ತಾಗಲಿಲ್ಲ. ಚೀಲದ ಭಾರಕ್ಕೆ ಅವಳ ಒಂದು ಭುಜ ಇಳಿದಿತ್ತು. ನನ್ನ ಮೇಜಿನ ಮೇಲೆ ಧಡ್ ಅಂತ ಇಟ್ಟು, ಸುತ್ತಿದ್ದ ಓಢಣಿ ಬಿಚ್ಚಿದಳು. ಗೇಣಿಗಿಂತ ಸ್ವಲ್ಪ ಉದ್ದದ ಕರಿಕಲ್ಲು. ಮೇಲೆ ದುಂಡಗೆ, ಕೆಳಗೆ ಸಪಾಟು.

"ಟೀಚರ್, ವರವಂಟಾ ನೋಡ್ರಿ. ನಮ್ಮ ಹೊಲದಾಗಿಂದು. ಹಳೀದು, ಭಾಳ ಹಳೀದು."

ವರವಂಟಾ ಅಂದರೆ ಮಸಾಲೆ ಅರೆಯುವ ಹಾಸುಗಲ್ಲಿನ ಮೇಲೆ ಹಿಂದೆಮುಂದೆ ಉಜ್ಜುವ ಗುಂಡು. ಮಹಾರಾಷ್ಟ್ರದ ಗಡಿಯ ಈ ಕನ್ನಡದ ಮನೆಗಳಲ್ಲೂ ಅದಕ್ಕೆ ಮರಾಠಿ ಹೆಸರೇ. ಕಲ್ಲನ್ನು ಎತ್ತಿಕೊಂಡಾಗ ನನಗೆ ಆದದ್ದು ಖುಷಿ, ಸುಳ್ಳು ಯಾಕೆ ಹೇಳಲಿ. ಮಳೆ ಬಿದ್ದ ಮೇಲೆ ಗಳೆ ಹೊಡೆದು ಉತ್ತ ಹೊಲಗಳಲ್ಲಿ ಪಾಠಕ್ಕೆಂದು ನಾನು ಆರಿಸಿದ ಹಳೆಯ ವಸ್ತುಗಳೆಲ್ಲ ಒಡಕು ಮುರುಕು. ಇಡಿಯಾದ ವಸ್ತು ನನ್ನ ಮೇಜಿಗೆ ಅದುವರೆಗೆ ಬಂದಿರಲಿಲ್ಲ. ಕಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಅದರ ಸಣ್ಣ ತೂತುಗಳಲ್ಲಿ ಬೆಳ್ಳಗೆ ಏನೋ ಕೂತಿತ್ತು. ಉಗುರಿನಿಂದ ಕೆದರಿದೆ. ಸುಣ್ಣ. ಸುಣ್ಣದ ಪಕ್ಕ ಒಂದು ಚೂರು ಕಾವಿ. ಕಲ್ಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ.

ನಮ್ಮ ಈ ಗಡಿಯಲ್ಲಿ ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ಕಣಿಕೆಯ ಗುಡಿಸಲು ಕಟ್ಟಿ, ಅದರೊಳಗೆ ಐದು ಕಲ್ಲು ಕೂಡಿಸುತ್ತಾರೆ. ಸುಣ್ಣ ಬಳಿದು, ಕಾವಿಯ ಬೊಟ್ಟಿಟ್ಟು, ಶಾಲು ಹೊದಿಸಿದರೆ ಅವೇ ಪಂಚಪಾಂಡವರು. ಕೆಲವರು ಆ ಹೊತ್ತಿಗೆ ಸಿಕ್ಕ ಐದು ಕಲ್ಲು ಇಡುತ್ತಾರೆ. ಹಳೆಯ ಮನೆತನಗಳಲ್ಲಿ ಹಾಗಲ್ಲ. ಮುತ್ತಜ್ಜನ ಕಾಲದಿಂದ ಅವೇ ಐದು. ವರ್ಷವಿಡೀ ಗಿಡದ ಬುಡದಲ್ಲಿರುತ್ತವೆ, ಯಾರೂ ಮುಟ್ಟುವುದಿಲ್ಲ.

"ಎಲ್ಲಿಂದ ತಂದಿ? ಖರೇ ಹೇಳು," ಅಂದೆ.

"ಬೇವಿನ ಗಿಡದ ಬುಡಕಿಂದ." ಸ್ವಲ್ಪ ತಡೆದು, ಸಣ್ಣ ದನಿಯಲ್ಲಿ, "ಭೀಮ. ಆದ್ರ ಭೀಮ ಅಲ್ರೀ ಟೀಚರ್. ಬೋರಿಂಗಿಗಿ ಒಯ್ದು ತೊಳದ ನೋಡೀನಿ. ಸವದದ ನೋಡ್ರಿ, ಎರಡೂ ಕಡೀಗಿ. ಭೀಮ ಯಾಕ ಸವೀತಾನ?"

ಈ ಪ್ರಶ್ನೆಗೆ ನಾನೇ ಕಾರಣ. ನಾನು ಕಲಬುರಗಿ ಕಡೆಯವಳು, ಮದುವೆಯಾಗಿ ಉಮರ್ಗಾಕ್ಕೆ ಬಂದವಳು. ದಾಳಿಂಬ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಕನ್ನಡ ಶಾಲೆಗೆ ದಿನಾ ಶೇರ್ ಆಟೋದಲ್ಲಿ ಹೋಗಿಬರುತ್ತೇನೆ. ರಾಜರ ಪಾಠ ಅಂದರೆ ನನಗೆ ಮೈ ಉರಿಯುತ್ತದೆ. ಯಾರೋ ಗೆದ್ದರಂತೆ, ಯಾರೋ ಸೋತರಂತೆ. ಆ ಹೊತ್ತಿಗೆ ಇವರಿಗೆಲ್ಲ ರೊಟ್ಟಿ ಬಡಿದು ಹಾಕಿದವರು ಯಾರು ಅಂತ ಪುಸ್ತಕ ಹೇಳುವುದಿಲ್ಲ. ಅದಕ್ಕೇ ಒಂದು ಬಟ್ಟೆ ಚೀಲ ಮಾಡಿಕೊಂಡೆ. ಅದರಲ್ಲಿ ಒಡೆದ ಗಡಿಗೆಯ ಬೋಕಿ, ಶಂಖದ ಬಳೆಯ ತುಂಡು, ನಡುವೆ ತೂತಿರುವ ಮಣ್ಣಿನ ಬಿಲ್ಲೆ. ಮಕ್ಕಳು ಕಣ್ಣು ಮುಚ್ಚಿ ಕೈ ಹಾಕಬೇಕು. ಇದು ಏನು ಅಂತ ನಾನು ಕೇಳುವುದಿಲ್ಲ. ಇದನ್ನು ಹಿಡಿದ ಕೈ ಏನು ಮಾಡುತ್ತಿತ್ತು ಅಂತ ಕೇಳುತ್ತೇನೆ. ಮಿಕ್ಕವರು ಹೆದರಿ ಹೆದರಿ ಹೇಳಿದರೆ ಈ ಹುಡುಗಿ ವಾದಕ್ಕೇ ನಿಲ್ಲುತ್ತಿದ್ದಳು. ಮಣ್ಣಿನ ಬಿಲ್ಲೆ ನೂಲುವ ಕದಿರಿನದು ಅಂತ ನಾನು ಹೇಳಿದ್ದಕ್ಕೆ, ಕಡ್ಡಿ ಸಿಕ್ಕಿಸಿ ತಿರುಗಿಸಿ ನೋಡಿದ ಮೇಲೇ ಒಪ್ಪಿದ್ದು. ನನ್ನ ತಲೆ ತಿನ್ನುತ್ತಿದ್ದಳು. ಹಾಗೆ ತಲೆ ತಿನ್ನುವ ಮಕ್ಕಳು ನನಗೆ ಬೇಕು.

ಅವಳ ಮನೆಯ ಸಂಗತಿಯೂ ನನಗೆ ಗೊತ್ತಿತ್ತು. ಉದಗೀರದಲ್ಲಿ ಅವಳ ಸೋದರತ್ತೆಗೆ ಕೂಸು ಹುಟ್ಟಿತ್ತು. ಅಂಗಡಿ ನೋಡಿಕೊಳ್ಳಬೇಕು, ಕೂಸು ಹಿಡಿಯಲು ಒಬ್ಬ ಹುಡುಗಿ ಬೇಕು, ಮನೆಯವಳೇ ಆದರೆ ಒಳ್ಳೆಯದು ಅಂತ ದೀಪಾವಳಿಯಿಂದ ಕೇಳುತ್ತಿದ್ದಳು. ಹುಡುಗಿಯ ಅಜ್ಜ, ಅವಳ ಬಾಯಲ್ಲಿ ಮುತ್ಯಾ, ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಒಮ್ಮೆ ಉದಗೀರಕ್ಕೆ ಹೋದರೆ ಅವಳು ಮರಳಿ ಶಾಲೆ ಕಾಣುವುದಿಲ್ಲ. ಹೂಂ ಅನ್ನಲು ಅಜ್ಜನಿಗೆ ಒಂದು ನೆಪ ಸಾಕಿತ್ತು. ಆ ನೆಪ ಈಗ ನನ್ನ ಮೇಜಿನ ಮೇಲೆ ಕೂತಿತ್ತು.

"ನಿಮ್ಮಪ್ಪ ಎಲ್ಲಿದ್ದಾರ?"

"ಟ್ರ್ಯಾಕ್ಟರ್ ತಗೊಂಡು ನಿಲಂಗಾಕ್ಕ ಹೋಗ್ಯಾನ್ರಿ, ಸೋಯಾಬೀನ್ ಮಾರಲಾಕ."

"ಮುತ್ಯಾ?"

"ಸಂಜೀಗಿ ಹೊಲಕ್ಕ ಬರ್ತಾನ, ಗುಡಸಲ ಕಟ್ಟಲಾಕ."

ಸಂಜೆಗೆ ಇನ್ನೂ ಹೊತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಹೋಗಿ ಕಲ್ಲನ್ನು ಇದ್ದಲ್ಲೇ ಇಟ್ಟುಬಿಡೋಣ, ಒಂದಿಷ್ಟು ಸುಣ್ಣ ಬಳಿದರೆ ಮುಗಿಯಿತು ಅಂತ ಲೆಕ್ಕ ಹಾಕಿದೆ. ಹುಡುಗಿಗೆ ಅದು ಸೇರಲಿಲ್ಲ. "ತಪ್ಪ ಮಾಡೀನೇನ್ರಿ ನಾ?" ಅಂದಳು. ನಾನು ಪುಸ್ತಕ ತೆರೆದೆ. ಪಾಠದ ಹೆಸರಿನಲ್ಲಿ ಏನೇನೋ ಓದಿದೆ. ಕಿವಿ ಬಾಗಿಲ ಕಡೆಗೇ ಇತ್ತು.

ಬಿಡುವಿನ ಗಂಟೆ ಹೊಡೆಯುವ ಮೊದಲೇ ಅಜ್ಜ ಬಂದರು. ಸುಣ್ಣದ ಡಬ್ಬಿ ಹಿಡಿದು ಬೇಗನೆ ಹೊಲಕ್ಕೆ ಹೋಗಿದ್ದರಂತೆ. ಬೇವಿನ ಬುಡದಲ್ಲಿ ನಾಲ್ವರೇ ಕಂಡರಂತೆ. ಅಷ್ಟು ಸಿಟ್ಟಿನಲ್ಲೂ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತಲೆಗೆ ಬಿಳಿ ರುಮಾಲು. ಮೇಜಿನ ಮೇಲಿನ ಕಲ್ಲು ನೋಡಿ ನಿಂತುಬಿಟ್ಟರು.

"ಯಾರ ತಂದಾರ?"

ಹುಡುಗಿ ಎದ್ದು ನಿಂತಳು. "ನಾನ, ಮುತ್ಯಾ."

"ಸುಣ್ಣ ಎಲ್ಲಿ ಹೋತು?"

"ತೊಳದೀನಿ."

"ದೇವರಿಗಿ ತೊಳೀತಾರೇನ?"

"ಅಭಿಷೇಕ ಅಂದ್ರ ತೊಳಿಯೋದೇ ಅಲ್ಲೇನ ಮುತ್ಯಾ?"

ಹಿಂದೆ ಯಾರೋ ಕಿಸಕ್ಕೆಂದರು. ನನಗೂ ನಗು ಬಂತು, ನಾಲಿಗೆ ಕಚ್ಚಿಕೊಂಡೆ. ಅಜ್ಜ ಅವಳ ಕಡೆ ಒಂದು ಹೆಜ್ಜೆ ಇಟ್ಟರು. ಹೊಡೆಯುತ್ತಾರೆ ಅಂದುಕೊಂಡು ನಾನು ಇಬ್ಬರ ನಡುವೆ ಬಂದೆ. ಅವರು ಹೊಡೆಯಲಿಲ್ಲ, ನನ್ನ ಕಡೆ ತಿರುಗಿದರು.

"ಮ್ಯಾಡಮರ, ಏನ ಕಲಸ್ತೀರಿ ನೀವು? ದೇವರೆಲ್ಲಾ ಕಲ್ಲ ಅಂತ ಕಲಸ್ತೀರಿ?"

ಸುಮ್ಮನಿರಬೇಕಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಕಲ್ಲಿನ್ಯಾಗ ಏನೇನ ಅದ ಅಂತ ಕಲಸ್ತೀನ್ರಿ," ಅಂದುಬಿಟ್ಟೆ.

"ಆತು. ಸೋಮವಾರ ಬಂದು ಆಕೀ ಹೆಸರ ತಗಸ್ತೀನಿ. ಉದಗೀರಕ್ಕ ಹೋಗ್ಲಿ, ಕೂಸ ಆಡಿಸ್ಲಿ. ಕಲತದ್ದು ಸಾಕು."

ರುಮಾಲು ಬಿಚ್ಚಿ ಕಲ್ಲನ್ನು ಅದರಲ್ಲಿ ಸುತ್ತಿಕೊಂಡರು. ಆ ಬರಿದಲೆಯನ್ನು ಊರಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಹೊಸ್ತಿಲ ಹತ್ತಿರ ಹೋದವರು ನಿಂತು, ಮುಖ ಗಂಟು ಹಾಕಿಕೊಂಡೇ ಹೇಳಿದರು: "ನಾಳಿಗಿ ಹೊಲಕ್ಕ ಊಟಕ್ಕ ಬರ್ರಿ."

ನಾನು ಬಾಯಿ ಬಿಟ್ಟು ನೋಡಿದೆ.

"ಅದು ಬ್ಯಾರೆ, ಇದು ಬ್ಯಾರೆ. ಎಳ್ಳಮಾಸಿ ದಿನ ಹೊಲ ಇಲ್ಲದವರಿಗಿ ಕರೀಲಾರದ ನಾವು ಹ್ಯಾಂಗ ಉಣ್ಣಾದು?"

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಹೋಗಬಾರದು ಅನ್ನಿಸಿತು. ಹೋಗದಿದ್ದರೆ ಆ ಹುಡುಗಿಯ ಪರವಾಗಿ ಅಲ್ಲಿ ಮಾತಾಡುವವರು ಯಾರಿದ್ದಾರೆ? ಅವಳಪ್ಪ ತಂದೆಯ ಎದುರು ದನಿ ಎತ್ತುವವನಲ್ಲ. ತಾಯಿಯಂತೂ ಗಂಡಸರ ಮುಂದೆ ಬಾಯಿ ಬಿಟ್ಟದ್ದನ್ನೇ ನಾನು ನೋಡಿರಲಿಲ್ಲ. ಶಾಲೆಗೆ ಬಂದಾಗಲೂ ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು.

ಮರುದಿನ ಹಬ್ಬದ ಆಟೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ತೊಡೆಯ ಮೇಲೆ ಯಾರದೋ ಅಂಬಲಿಯ ಗಡಿಗೆ. ಇಳಿದು ಜೋಳದ ನಡುವಿನ ಕಾಲುದಾರಿಯಲ್ಲಿ ನಡೆದೆ. ಎಲ್ಲ ಹೊಲದಲ್ಲೂ ಹೊಗೆ, ನಗು, ಮಕ್ಕಳ ಕೂಗು. ಇವರ ಹೊಲದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಟ್ರ್ಯಾಕ್ಟರಿನ ಟ್ರಾಲಿ. ಟ್ರಾಲಿಯ ಮೂಲೆಯಲ್ಲಿ ಒಂದು ಬಟ್ಟೆಯ ಬ್ಯಾಗು, ಪಕ್ಕದಲ್ಲಿ ಹುಡುಗಿಯ ಚಪ್ಪಲಿ. ಉದಗೀರದ ಅತ್ತೆ ಕೂಸಿನೊಂದಿಗೆ ಊಟಕ್ಕೆ ಬಂದಿದ್ದಳು. ಸಂಜೆ ಹೋಗುವಾಗ ಕರೆದುಕೊಂಡೇ ಹೋಗುವ ಏರ್ಪಾಡು. ಸೋಮವಾರದವರೆಗೂ ಕಾಯುವ ಮಾತಿರಲಿಲ್ಲ.

ಗುಡಿಸಲಿನೊಳಗೆ ಐವರೂ ಕೂತಿದ್ದರು. ಒಬ್ಬ ಮಾತ್ರ ಉಳಿದವರಿಗಿಂತ ಬೆಳ್ಳಗಿದ್ದ. ಗಂಡಸರ ಪಂಕ್ತಿ ಊಟಕ್ಕೆ ಕೂತಿತ್ತು. ನನ್ನನ್ನೂ ಅಲ್ಲೇ ಒಂದು ಬದಿಗೆ, ಉದಗೀರದ ಅತ್ತೆಯ ಪಕ್ಕ ಕೂರಿಸಿದರು. ಸಜ್ಜೆ ರೊಟ್ಟಿ, ಹಲವು ಸೊಪ್ಪು ಕಾಳು ಸೇರಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ ಬಡಿಸಿದರು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಜ್ಜನೇ ಮೊಮ್ಮಗಳನ್ನು ಕರೆದರು.

"ಬಾರವ್ವಾ ಶಾಣ್ಯಾ. ನಿನ್ನಿ ರಾತ್ರಿ ಭೀಮ ಅಲ್ಲ ಅಂದೆಲ್ಲ, ಎಲ್ಲಾರ ಮುಂದ ಹೇಳು. ಏನದು?"

ದನಿಯಲ್ಲಿ ಕುಹಕವಿತ್ತು. ಹುಡುಗಿ ನನ್ನ ಕಡೆ ನೋಡಿದಳು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು. ಬೇಡ, ತಪ್ಪಾಯ್ತು ಅಂದುಬಿಡು ಅಂತ ನನ್ನ ಮನಸ್ಸು ಹೇಳುತ್ತಿತ್ತು. ತಲೆ ಮಾತ್ರ ತಾನಾಗಿ ಹೂಂ ಅಂತ ಆಡಿತು.

ಅವಳು ಕಲ್ಲುಗಳ ಮುಂದೆ ಕೂತಳು. ಮುಟ್ಟದೆ, ಎರಡು ಅಂಗೈಯನ್ನೂ ಭೀಮನ ಮೇಲೆ ಹಿಡಿದಳು.

"ಇಲ್ಲಿ ಹಿಡೀತಿದ್ಲು. ಮಂಡಿಯೂರಿ ಕೂಡತಿದ್ಲು. ಈ ಬಲಗಡೀ ತುದಿ ಭಾಳ ಸವದದ, ಎಡಗಡೀದು ಕಮ್ಮಿ. ಅಂದ್ರ ಎಡಗೈ ಖಾಲಿ ಇರಲಿಲ್ಲ. ಕೂಸಿಗಿ ಹಿಡಕೊಂಡಿರಬೇಕು. ಹಿಂಗ ಒಂದ ವರ್ಷಕ್ಕ ಸವಿಯಂಗಿಲ್ಲ ಮುತ್ಯಾ. ಹುಡುಗಿ ಇದ್ದಾಗಿಂದ ಮುದಕಿ ಆಗೋತನಾ ಅರದಾಳ."

"ಯಾವಾಗಿನ ಮಾತು?"

"ಶರಣರಿಗಿಂತ ಮದಲ. ಭಾಳ ಮದಲ."

ಕೂಸನ್ನು ಎಡಗೈಯಲ್ಲಿ ಅವಚಿಕೊಂಡು ರೊಟ್ಟಿ ಮುರಿಯುತ್ತಿದ್ದ ಅತ್ತೆ ತನ್ನ ಕೈಯನ್ನೇ ನೋಡಿಕೊಂಡಳು. ಅವಳ ಗಂಡ ಜೋರಾಗಿ ನಕ್ಕ. "ಅಂದ್ರ ಇಷ್ಟ ವರ್ಷ ನಾವು ಅಡಗಿಮನಿ ಕಲ್ಲಿಗಿ ಶಾಲು ಹೊದಿಸೀವಿ!" ಅಂದ. ಪಂಕ್ತಿಯಲ್ಲಿ ಒಂದಿಬ್ಬರು ನಕ್ಕರು. ಅಜ್ಜ ನಗಲಿಲ್ಲ. ಮಾತಾಡುವ ಸರದಿ ಈಗ ನನ್ನದು ಅಂತ ಗೊತ್ತಿದ್ದೂ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಾ ಕೂತೆ.

"ಆಕೀ ಹೆಸರೇನಿತ್ತು?"

ದನಿ ನನ್ನ ಹಿಂದಿನಿಂದ ಬಂತು. ಹುಡುಗಿಯ ತಾಯಿ. ಬಡಿಸುವ ಸೌಟು ಕೈಯಲ್ಲೇ ಇತ್ತು, ಸೆರಗು ಹಣೆಯವರೆಗೆ. ಅವರ ಗಂಡ ಗಾಬರಿಯಾಗಿ ಹೆಂಡತಿಯನ್ನು ನೋಡಿದ.

"ಗೊತ್ತಿಲ್ಲ ಅವ್ವಾ," ಅಂದಳು ಹುಡುಗಿ. "ಯಾರೂ ಬರದಿಟ್ಟಿಲ್ಲ."

"ಜಲ್ಮೆಲ್ಲಾ ಅರದಾಳ. ಕಲ್ಲ ಉಳದದ, ಹೆಸರ ಉಳದಿಲ್ಲ." ಆಮೇಲೆ ತಲೆ ಎತ್ತದೆಯೇ ಮಾವನ ಕಡೆ ತಿರುಗಿದರು. "ಮಾವಾರ, ಸಾಲ್ಯಾಗ ಇಕೀದು ಒಂದು ಹೆಸರದ. ಅದೊಂದು ಇರ್ಲಿರಿ. ತಗೀಬ್ಯಾಡ್ರಿ."

ಪಕ್ಕದ ಹೊಲದ ಮಕ್ಕಳ ಕೂಗು ಕೇಳುತ್ತಿತ್ತು. ಇಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಅಜ್ಜ ಆ ಬೆಳ್ಳನೆಯ ಕಲ್ಲನ್ನು ನೋಡುತ್ತಾ ಕೂತರು. ಸೊಸೆ ನಿಂತಲ್ಲೇ ನಿಂತಿದ್ದರು, ಸೌಟಿನಿಂದ ಭಜ್ಜಿ ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಕೊನೆಗೆ ಅಜ್ಜ ಮಗಳ ಕಡೆ ತಿರುಗಿ, "ನಿನ್ನ ಕೂಸಿಗಿ ಬ್ಯಾರೆ ಯಾರನ್ನರ ನೋಡ್ಕೊ, ಮಗಳ," ಅಂದರು. ಮತ್ತೆ ತಟ್ಟೆಗೆ ಕೈ ಹಾಕಿದರು.

ಹುಡುಗಿ ಟ್ರಾಲಿ ಹತ್ತಿ ತನ್ನ ಬ್ಯಾಗನ್ನು ತಾನೇ ಇಳಿಸಿದಳು. ನನಗೆ ಅಳು ಬಂತು. ಅಷ್ಟು ಜನರ ನಡುವೆ ಕೂತು ಅತ್ತುಬಿಟ್ಟೆ, ಖಾರ ಜಾಸ್ತಿಯಾಗಿದೆ ಅಂತ ಸುಳ್ಳನ್ನೂ ಹೇಳಲಿಲ್ಲ.

ತಾಯಿ ಅಂಬಲಿಯ ಗಡಿಗೆ ತಂದು ನನ್ನ ಮುಂದೆ ಬಗ್ಗಿದರು. ಅಂಬಲಿ ಅರ್ಧ ಲೋಟಕ್ಕೆ, ಅರ್ಧ ನನ್ನ ಬೆರಳಿನ ಮೇಲೆ ಬಿತ್ತು. ಎರಡು ವರ್ಷದಿಂದ ಅವರು ನನಗೆ ಆ ಹುಡುಗಿಯ ಅವ್ವ, ಅಷ್ಟೇ.

"ನಿಮ್ಮ ಹೆಸರೇನ್ರಿ?" ಅಂದೆ.

ಅವರು ಗಂಡಸರ ಪಂಕ್ತಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗನ್ನು ಸ್ವಲ್ಪ ಹಿಂದೆ ಸರಿಸಿ, ಹೇಳಿದರು.