ಆಯಿ ಹಾಕಿದ ನಕ್ಷೆ

ಸಂತೆಯಲ್ಲಿ ನೆಂದ ಜೋಳದ ಚೀಲವೊಂದನ್ನು ಬಿಚ್ಚಿದಾಗ ಎದ್ದ ಹುಳಿ ವಾಸನೆಗೆ ಉಳಿದವರು ಮೂಗು ಮುಚ್ಚಿ ದೂರ ಸರಿದರು. ನಾನು ಅಲ್ಲೇ ನಿಂತುಬಿಟ್ಟೆ. ಆ ವಾಸನೆ ನನ್ನನ್ನು ವನದುರ್ಗದ ಹತ್ತಿರದ ನಮ್ಮೂರಿಗೆ, ನಮ್ಮ ಹಳೆಯ ಮನೆಯಂಗಳದ ಹಗೇವಿಗೆ ಎಳೆದೊಯ್ದಿತ್ತು. ಹಗೇವು ಅಂದರೆ ನೆಲದೊಳಗೆ ಆಳವಾಗಿ ತೋಡಿದ ಜೋಳದ ಕಣಜ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನಮ್ಮ ಕಡೆ ಮನೆಗೆ ಜಾಗ ಆರಿಸುವವರು ಮೊದಲು ಅಲ್ಲೊಂದು ಹಗೇವು ತೋಡಿ, ಜೋಳ ಹಾಕಿ, ಕೆಡದೆ ಉಳಿಯುತ್ತದೋ ಇಲ್ಲವೋ ಎಂದು ಕಾಯುತ್ತಿದ್ದರು. ಅಪ್ಪನ ತಂದೆ, ನಮ್ಮ ಮುತ್ಯಾ, ಹಾಗೇ ಕಾದು ನೋಡಿ ಕಟ್ಟಿದ ಮನೆ ನಮ್ಮದು. ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅದರ ನಡುವೆ ಒಂದು ಬೆಳಕಿಂಡಿ. ಬೆಳಕಿಂಡಿಯ ಬಿಸಿಲು ಗೋಡೆಯಿಂದ ಇಳಿದು ಒಲೆಯ ಹತ್ತಿರ ಬಂದಾಗ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅಂಥ ಮನೆಯನ್ನು ದಡ್ಡರ ಮನೆ ಅನ್ನುವವರ ಜೊತೆ ನಾನು ಇವತ್ತಿಗೂ ಜಗಳಕ್ಕೆ ಬೀಳುತ್ತೇನೆ.

ಕಾಲುವೆಗೆ ನೀರು ಬಂದದ್ದೇ ತಡ, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಓಣಿಗೆ ಸಿಮೆಂಟು ಬಂತು. ಶಾಲೆಯಲ್ಲಿ ಮಾಸ್ತರನಾಗಿದ್ದ ಅಪ್ಪನಿಗೂ ಹುಕಿ ಹತ್ತಿ, ಶಹಾಪುರದಿಂದ ನೀಲಿ ಹಾಳೆಯ ನಕ್ಷೆಯೊಂದನ್ನು ತಂದ. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುವುದೆಂದು ನಿಶ್ಚಯವಾಯಿತು. ಅಪ್ಪನ ತಾಯಿ, ನಮ್ಮ ಆಯಿ, ಅಕ್ಷರ ಬಾರದಾಕೆ. ಹಾಳೆಯನ್ನು ಅತ್ತ ಇತ್ತ ತಿರುಗಿಸಿ, ಪಡುವಣಕ್ಕೆ ಎಷ್ಟು ಕಿಟಕಿ, ಗೋಡೆ ಎಷ್ಟು ದಪ್ಪ ಎಂದೆಲ್ಲ ವಿಚಾರಿಸಿ ಕೊನೆಗೆ ಕೇಳಿದಳು, “ಇದ್ರಾಗ ನಮ್ಮ ಬ್ಯಾಸಗಿ ಎಲ್ಲಿ ಅದನೋ?” ಅಪ್ಪ ನಕ್ಕುಬಿಟ್ಟ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೆಡವುವ ಮೊದಲು ಹಗೇವು ಖಾಲಿ ಮಾಡಬೇಕಿತ್ತು. ಬಾಯಿ ತೆರೆದರೆ ಹುಳಿ ವಾಸನೆ. ತಳದ ಜೋಳವೆಲ್ಲ ಕೊಳೆತು ಮುದ್ದೆಯಾಗಿತ್ತು. ಮುಚ್ಚಳ ಸರಿಯಾಗಿ ಮೆತ್ತಿಲ್ಲ ಎಂದು ಅಪ್ಪ ಎಲ್ಲರ ಮೇಲೆ ರೇಗಿದ. ಆಯಿ ಒಂದು ದಿನ ಗಾಳಿಯಾಡಲು ಬಿಟ್ಟು, ಕಾಳು ತೆಗೆಸಿ, ಗುದ್ದಲಿ ಹಿಡಿದು ಬಂದ ಆಳುಗಳ ಎದುರಿಗೇ ಮಗನಿಗೆ ಚಪ್ಪಲಿ ಬಿಟ್ಟು ಒಳಗೆ ಇಳಿ ಅಂದಳು. ಮೇಲೆ ಹತ್ತಿ ಬಂದ ಅಪ್ಪನ ಕಾಲಿಗೆ ಹಿಮ್ಮಡಿ ಮುಚ್ಚುವಷ್ಟು ಕೆಸರು ಹತ್ತಿತ್ತು. “ಕಾಲುವಿ ನೀರು ಕೆಳಗಿಂದ ಬರಾಕತ್ತದ. ನಿಮ್ಮಪ್ಪ ನೋಡಿದ ಭೂಮಿ ಇದಲ್ಲ. ಮಡ್ಡಿ ಮ್ಯಾಲ ಕಟ್ಟು,” ಅಂದಳು ಆಯಿ. ಗಂಡ ಆರಿಸಿದ ಜಾಗವನ್ನು, ತಾನು ಸೊಸೆಯಾಗಿ ಬಂದು ಹಿರಿಯಳಾದ ಅಂಗಳವನ್ನು ಆಕೆ ಹಾಗೆ ಬಿಟ್ಟುಕೊಟ್ಟಳು. ಮುದುಕಿಗೆ ಅರಳುಮರಳು ಎಂದು ಓಣಿಯವರು ಆಡಿಕೊಂಡರು. ಅಪ್ಪ ಮಾತ್ರ ನೀಲಿ ಹಾಳೆ ಮಡಚಿಟ್ಟು, ನನ್ನ ಪಾಟಿಯ ಮೇಲೆ ಬಳಪದಲ್ಲಿ ಆಕೆ ಹೇಳಿದಂತೆ ಗೀಟು ಎಳೆಯತೊಡಗಿದ. ಊರಾಚೆಯ ಮಡ್ಡಿಯ ಮೇಲೆ, ಆ ಕಲ್ಲುದಿಬ್ಬದಲ್ಲಿ, ಮನೆ ಎದ್ದಿತು. ಪಡುವಣಕ್ಕೆ ಒಂದೂ ಕಿಟಕಿಯಿಲ್ಲದ ದಪ್ಪ ಗೋಡೆ, ಮೂಡಣಕ್ಕೆ ಬಾಗಿಲು, ಕಟ್ಟೆ. ನಾಲ್ಕೈದು ಮಳೆಗಾಲ ಕಳೆಯುವುದರೊಳಗೆ ಕೆಳಗಿನ ಓಣಿಯ ಸಿಮೆಂಟು ಮನೆಗಳು ಎರೆಮಣ್ಣು ಉಬ್ಬಿ ಬಿರುಕು ಬಿಟ್ಟವು. ಆಡಿಕೊಂಡವರೇ ಮನೆ ಎಲ್ಲಿ ಕಟ್ಟಬೇಕೆಂದು ಆಯಿಯನ್ನು ಕೇಳಲು ನಮ್ಮ ಕಟ್ಟೆಗೆ ಬಂದು ಕೂತರು.

ಈಗ ಆಯಿಯೂ ಇಲ್ಲ, ಅಪ್ಪನೂ ಇಲ್ಲ. ಹೋದ ವರ್ಷ ಮಡ್ಡಿಯ ಮನೆಯೂ ರಸ್ತೆಗೆ ಹೋಯಿತು. ಕೆಡವುವ ಮೊದಲು ಅಳತೆಗೆ ಬಂದ ಸಾಹೇಬರು ಕಾಗದದಲ್ಲಿ ‘ನಕ್ಷೆ ಇಲ್ಲದ ಕಟ್ಟಡ’ ಎಂದು ಬರೆದು ನನ್ನ ಸಹಿಗೆ ಚಾಚಿದರು. ನನಗೆ ಸಿಟ್ಟು ಬಂತು. “ನಕ್ಷಾ ಇತ್ತರಿ. ಹಾಕಿದಾಕಿ ನಮ್ಮ ಆಯಿ. ಹಂಗಂತ ಬರೀರಿ, ಆಮ್ಯಾಲ ಸಹಿ ಮಾಡ್ತೀನಿ,” ಅಂದೆ. ಅಂಥದ್ದು ಬರೆಯಲು ಕಾಗದದಲ್ಲಿ ಜಾಗವೇ ಇಲ್ಲ ಎಂದರು. ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಮಧ್ಯಾಹ್ನವಾಯಿತು, ಸಾಹೇಬರು ಬಿಸಿಲು ತಾಳದೆ ಒಳಗೆ ಹೋಗಿ ಪಡುವಣ ಗೋಡೆಗೆ ಬೆನ್ನು ಹಚ್ಚಿ ಕುಳಿತರು. ಗೋಡೆಯ ತಂಪಿಗೆ ಬೆವರು ಆರುವವರೆಗೂ ಅಲ್ಲೇ ಇದ್ದರು. ಆಮೇಲೆ ಪೆನ್ನು ತೆಗೆದು, ನಿಮ್ಮ ಆಯಿಯ ಹೆಸರೇನು ಎಂದು ಕೇಳಿದರು.